ನೀರ ಮೇಲಣ ಹಾದಿ

ಹಾದಿಯನ್ನು ಮಾಡುವುದೆಂದರೆ ಪೊದೆ ಸವರಿ, ತಗ್ಗು ತುಂಬಿ, ಜಲ್ಲಿ ಹಾಸಿ, ಮೈಲಿಗಲ್ಲು ನೆಡುವುದೆಂಬುದು ನಮ್ಮೆಲ್ಲರಿಗೂ ತಿಳಿದ ಸಂಗತಿ. ಆದರೆ ಹೊಳೆಯನ್ನು ಹಾದಿಯಾಗಿ ಮಾಡುವುದೆಂದರೇನು? ಹೊಳೆಯು ತಾನಾಗಿಯೇ ಹರಿಯುತ್ತಿರುವುದು. ಅದಕ್ಕೆ ಜಲ್ಲಿ ಬೇಡ, ಡಾಮರು ಬೇಡ. ದೋಣಿಯುಳ್ಳವನು ನೀರಿಗಿಳಿದು ಹುಟ್ಟು ಹಾಕಿದರಾಯಿತು ಎಂದು ಯಾರಿಗಾದರೂ ತೋರಬಹುದು. ಸ್ವಲ್ಪ ವಿಚಾರಮಾಡಿದರೆ ಮಾತು ಅಷ್ಟು ಸುಲಭವಲ್ಲವೆಂದು ಗೊತ್ತಾಗುವುದು. ದೋಣಿಯನ್ನು ಎಲ್ಲಿ ಇಳಿಸಬೇಕು? ದಡದ ಹೊಲದೊಡೆಯನು ‘ನನ್ನ ನೆಲದ ಮೇಲೆ ಕಾಲಿಡಬೇಡಿ’ ಎಂದರೆ ಏನು ಗತಿ? ಮುಂದಿನ ತಿರುವಿನಲ್ಲಿ ಬಂಡೆಯಿದೆಯೋ ಒಡ್ಡು ಇದೆಯೋ ಹೇಳುವವರಾರು? ಸಂಜೆಯಾದರೆ ಎಲ್ಲಿ ತಂಗಬೇಕು? ಮಗುವಿಗೆ ಬಾಯಾರಿದರೆ ಕುಡಿಯುವ ನೀರೆಲ್ಲಿ? ಇಷ್ಟಕ್ಕೂ ಆ ಹೊಳೆಯು ಯಾರದು?

ಈ ಪ್ರಶ್ನೆಗಳಿಗೆಲ್ಲ ಮುಂದಾಗಿಯೇ ಉತ್ತರ ಕಂಡುಕೊಂಡು, ಸಾಮಾನ್ಯ ಸಂಸಾರಿಗಳೂ ಧೈರ್ಯವಾಗಿ ದೋಣಿ ನಡೆಸಿಕೊಂಡು ಹೋಗುವಂತೆ ಅಣಿಗೊಳಿಸಿದ ಜಲಮಾರ್ಗಕ್ಕೆ ಅಮೆರಿಕದವರು ‘ವಾಟರ್ ಟ್ರೇಲ್’ ಎಂದು ಹೆಸರಿಟ್ಟಿರುವರು. ನಾವು ಅದನ್ನು ‘ನೀರ್ದಾರಿ’ ಎಂದು ಕರೆಯೋಣ. ಸರಕು ಸಾಗಿಸುವ ಹಡಗಿನ ಮಾರ್ಗ ಇದಲ್ಲ. ಕೈಯಲ್ಲಿ ಹುಟ್ಟು ಹಿಡಿದು, ತನ್ನ ತೋಳ್ಬಲದಿಂದಲೇ ಸಣ್ಣ ದೋಣಿಯನ್ನು ನಡೆಸುವವನ ಹಾದಿ ಇದು. ಲಾಭಕ್ಕಾಗಿ ಅಲ್ಲ, ಮನಸ್ಸಿನ ಉಲ್ಲಾಸಕ್ಕಾಗಿ ಹೋಗುವವನ ಹಾದಿ.

ಈ ಯೋಚನೆಯು ಬೆಳೆದು ಬಂದ ರೀತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೬೮ರಲ್ಲಿ ಕಾಲುದಾರಿಗಳ ರಕ್ಷಣೆಗೆಂದು ಒಂದು ರಾಷ್ಟ್ರೀಯ ಶಾಸನವಾಯಿತು. ನಡೆಯುವವರಿಗೆ ಹಾದಿಯುಂಟಾದ ಮೇಲೆ ದೋಣಿಯವರಿಗೇಕೆ ಇರಬಾರದೆಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ೧೯೮೮ರಲ್ಲಿ ಈಶಾನ್ಯ ಮೂಲೆಯ ಮೇನ್ ಸಂಸ್ಥಾನದಲ್ಲಿ, ಕಡಲಂಚಿನ ದ್ವೀಪದಿಂದ ದ್ವೀಪಕ್ಕೆ ಸಣ್ಣ ದೋಣಿಗಳಲ್ಲಿ ಸಾಗುವವರಿಗಾಗಿ ಒಂದು ದಾರಿಯನ್ನು ಗೊತ್ತುಮಾಡಿದರು. ೨೦೦೬ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಓಲ್ಡ್ ಫೋರ್ಜ್ ಎಂಬ ಊರಿನಿಂದ ಮೇನ್ ಸಂಸ್ಥಾನದ ಫೋರ್ಟ್ ಕೆಂಟ್‌ವರೆಗೆ, ನಡುವೆ ಕೆನಡಾ ದೇಶದ ಕ್ವಿಬೆಕ್ ಪ್ರಾಂತವನ್ನೂ ಮುಟ್ಟಿಕೊಂಡು, ಹೊಳೆ ಕೆರೆಗಳನ್ನು ಒಂದಕ್ಕೊಂದು ಪೋಣಿಸಿದ ೭೪೦ ಮೈಲಿಗಳ ದೋಣಿದಾರಿಯು ತೆರೆಯಿತು. ೨೦೧೨ರ ಫೆಬ್ರವರಿಯಲ್ಲಿ ಅಲ್ಲಿನ ಕೇಂದ್ರ ಸರಕಾರವು ‘ರಾಷ್ಟ್ರೀಯ ನೀರ್ದಾರಿಗಳು’ ಎಂಬ ವ್ಯವಸ್ಥೆಯನ್ನೇ ಸ್ಥಾಪಿಸಿತು. ಅದರಲ್ಲಿ ಮೊದಲ ಮನ್ನಣೆ ಜಾರ್ಜಿಯಾ ಸಂಸ್ಥಾನದ ಚಾಟಹೂಚಿ ನದಿಗೆ ದೊರೆಯಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಎರಡನೆಯ ಮನ್ನಣೆಯು ಕ್ಯಾನ್ಸಸ್ ನದಿಗೆ ಸಂದಿತು.

ಈ ಕ್ಯಾನ್ಸಸ್ ನದಿಯ ವೃತ್ತಾಂತವನ್ನೇ ನಾವು ಇಲ್ಲಿ ವಾಚಕರ ಮುಂದಿಡಬೇಕೆಂದಿರುವೆವು. ಇದಕ್ಕಿಂತ ಚೆಲುವಾದ ನದಿಗಳು ಆ ದೇಶದಲ್ಲಿ ಬೇಕಾದಷ್ಟುಂಟು. ಹಿಮಗಿರಿಗಳಿಂದ ಧುಮುಕುವ ತಿಳಿನೀರಿನ ಹೊಳೆಗಳ ಮುಂದೆ ಇದು ಬಯಲುಸೀಮೆಯ ಕೆಸರುನೀರಿನ, ಮರಳುದಿಬ್ಬಗಳ, ಸಾಧಾರಣ ರೂಪಿನ ನದಿ. ಆದರೆ ಸಾಧಾರಣವಾದ ನದಿಯೊಂದನ್ನು ಜನರು ಹೇಗೆ ತಮ್ಮದಾಗಿ ಮಾಡಿಕೊಂಡರೆಂಬುದು ನಮಗೆ ಹೆಚ್ಚು ಬೋಧಪ್ರದವಾದ ವಿಷಯ. ನಮ್ಮ ಮನೆಗಳ ಹತ್ತಿರ ಹರಿಯುವ ಹೊಳೆಗಳೂ ಬಹುಮಟ್ಟಿಗೆ ಅಂತಹವೇ ಅಲ್ಲವೆ?

ಅಮೆರಿಕದ ಭೂಪಟದ ನಟ್ಟನಡುವೆ ಕ್ಯಾನ್ಸಸ್ ಸಂಸ್ಥಾನವಿರುವುದು. ಕಡಲು ಅಲ್ಲಿಂದ ಬಹುದೂರ. ಹುಲ್ಲುಗಾವಲು, ಗೋಧಿಯ ಹೊಲ, ವಿಶಾಲವಾದ ಆಕಾಶ, ಇವೇ ಆ ನಾಡಿನ ಲಕ್ಷಣ. ಅಲ್ಲಿ ಮೊದಲಿಂದ ನೆಲೆಸಿದ್ದ ಕಾನ್ಸಾ ಎಂಬ ಮೂಲನಿವಾಸಿಗಳ ಹೆಸರೇ ನದಿಗೂ ಸಂಸ್ಥಾನಕ್ಕೂ ಬಂದಿರುವುದು. ‘ತೆಂಕಣ ಗಾಳಿಯ ಜನರು’ ಎಂದು ಆ ಹೆಸರಿಗೆ ಅರ್ಥ ಹೇಳುವರು. ಸ್ಥಳದ ಜನರು ನದಿಯನ್ನು ಮುದ್ದಾಗಿ ‘ಕಾ’ ಎಂದು ಕರೆಯುವುದುಂಟು. ಜಂಕ್ಷನ್ ಸಿಟಿ ಎಂಬ ಊರಿನ ಬಳಿ ರಿಪಬ್ಲಿಕನ್, ಸ್ಮೋಕಿ ಹಿಲ್ ಎಂಬ ಎರಡು ನದಿಗಳು ಕೂಡುವಲ್ಲಿ ಇದರ ಜನನ. ಅಲ್ಲಿಂದ ಮೂಡಲಿಗೆ ಹರಿದು, ಮ್ಯಾನ್‌ಹ್ಯಾಟನ್, ವಾಮೀಗೊ, ರಾಜಧಾನಿಯಾದ ಟೊಪೀಕ, ವಿದ್ಯಾಪೀಠದ ಊರಾದ ಲಾರೆನ್ಸ್, ಇವುಗಳನ್ನು ಮುಟ್ಟಿಕೊಂಡು, ಕ್ಯಾನ್ಸಸ್ ಸಿಟಿಯಲ್ಲಿ ಮಿಸ್ಸೂರಿ ಮಹಾನದಿಯನ್ನು ಸೇರುವುದು. ಹುಟ್ಟಿನಿಂದ ಸಂಗಮದವರೆಗೆ ನೀರ್ದಾರಿಯ ಉದ್ದ ೧೭೩ ಮೈಲಿ.

ಇಷ್ಟುದ್ದದ ನದಿಯಲ್ಲಿ ದೋಣಿ ಬಿಡಲು ಅಪ್ಪಣೆಯೇಕೆ ಬೇಕೆಂದು ಕೇಳಬಹುದು. ಇಲ್ಲಿಯೇ ಈ ಕಥೆಯ ತಿರುಳಿರುವುದು. ಕ್ಯಾನ್ಸಸ್ ಸಂಸ್ಥಾನದಲ್ಲಿ ಹೊಳೆಗಳೆಷ್ಟೋ ಇದ್ದರೂ ಸಾರ್ವಜನಿಕರಿಗೆ ಸೇರಿದ ನದಿಗಳೆಂದು ಗಣ್ಯವಾಗಿರುವುವು ಮೂರೇ ಮೂರು: ಕ್ಯಾನ್ಸಸ್, ಅರ್ಕಾನ್ಸಾ, ಮಿಸ್ಸೂರಿ. ಉಳಿದೆಲ್ಲ ಹೊಳೆಗಳ ತಳದ ನೆಲವು ಇಕ್ಕೆಲದ ಜಮೀನುದಾರರಿಗೆ ಸೇರಿದುದು. ೧೯೯೦ರಲ್ಲಿ ಆ ಸಂಸ್ಥಾನದ ಉಚ್ಚ ನ್ಯಾಯಸ್ಥಾನದ ಮುಂದೆ ಒಂದು ವ್ಯಾಜ್ಯ ಬಂದಿತು. ಶೋಲ್ ಕ್ರೀಕ್ ಎಂಬ ಹೊಳೆಗೆ ಅಡ್ಡಲಾಗಿ ಜಮೀನಿನೊಡೆಯರು ಬೇಲಿ ಹಾಕಿದ್ದರು. ಬಹುಕಾಲದಿಂದ ಜನರು ದೋಣಿಯಲ್ಲಿ ಓಡಾಡುತ್ತಿದ್ದ ಹೊಳೆ ಅದು. ಬೇಲಿಯನ್ನು ತೆಗೆಸಬೇಕೆಂದು ಸರಕಾರದ ಪಕ್ಷ ವಾದಿಸಿತು. ವ್ಯಾಪಾರದ ನೌಕೆಗಳು ಸಂಚರಿಸಲಾಗದ ಹೊಳೆಯಲ್ಲಿ, ಒಡೆಯನ ಒಪ್ಪಿಗೆಯಿಲ್ಲದೆ ದೋಣಿ ನಡೆಸುವ ಹಕ್ಕು ಸಾರ್ವಜನಿಕರಿಗಿಲ್ಲವೆಂದು ನ್ಯಾಯಸ್ಥಾನವು ತೀರ್ಪಿತ್ತಿತು. ಹರಿಯುವ ನೀರು ಎಲ್ಲರದು, ಅದರ ಕೆಳಗಣ ನೆಲ ಮಾತ್ರ ಒಬ್ಬನದು ಎಂಬ ವಿಚಿತ್ರ ಸ್ಥಿತಿ ಹೀಗೆ ಉಂಟಾಯಿತು.

ಹೀಗಿರಲು ಉಳಿದ ಮೂರು ನದಿಗಳ ಬೆಲೆ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು. ಆದರೆ ಹಕ್ಕಿದ್ದ ಮಾತ್ರಕ್ಕೆ ಹೊಳೆಯನ್ನು ಸೇರುವ ದಾರಿಯಾಗಲಿಲ್ಲ. ನದಿಯು ಸಾರ್ವಜನಿಕವಾದರೂ ದಡವು ಖಾಸಗಿಯದು. ಬಾಗಿಲಿಲ್ಲದ ಮನೆಯ ಹಕ್ಕುಪತ್ರವನ್ನು ಕೈಯಲ್ಲಿ ಹಿಡಿದು ಹೊರಗೆ ನಿಂತಂತೆ ಜನರ ಪಾಡು. ಆದುದರಿಂದ ನೀರ್ದಾರಿಯ ಕೆಲಸದಲ್ಲಿ ಮೊದಲನೆಯದು ಬಾಗಿಲುಗಳನ್ನು ಇಡುವುದು. ಎಂದರೆ ದೋಣಿಯನ್ನು ಇಳಿಸುವ ರೇವುಗಳನ್ನು ಕಟ್ಟುವುದು. ಸಂಸ್ಥಾನದ ವನ್ಯಜೀವಿ ಮತ್ತು ಉದ್ಯಾನಗಳ ಇಲಾಖೆಯವರೂ, ಊರೂರಿನ ಪೌರಸಭೆಗಳವರೂ, ನದಿಯ ಅಭಿಮಾನಿಗಳ ಸಂಘದವರೂ ಕೈಗೂಡಿಸಿ, ಸೇತುವೆಯ ಪಕ್ಕದ ತುಂಡು ನೆಲ, ಊರಿನ ಉದ್ಯಾನದ ಅಂಚು, ಇಂತಹ ಕಡೆಗಳಲ್ಲಿ ವರ್ಷಗಟ್ಟಲೆ ದುಡಿದು ರೇವುಗಳನ್ನು ಕಟ್ಟಿದರು. ಈಗ ಸರಾಸರಿಯಲ್ಲಿ ಸುಮಾರು ಹತ್ತು ಮೈಲಿಗೊಂದರಂತೆ ಇಳಿಯುವ ತಾಣಗಳುಂಟು.

ಹತ್ತು ಮೈಲಿ ಎಂಬ ಲೆಕ್ಕಕ್ಕೂ ಕಾರಣವುಂಟು. ಹದವಾದ ಸೆಳವಿನಲ್ಲಿ, ಅವಸರವಿಲ್ಲದೆ ಹುಟ್ಟು ಹಾಕುವವನು ಗಂಟೆಗೆ ಎರಡು ಮೂರು ಮೈಲಿ ಸಾಗಬಲ್ಲನು. ಮಕ್ಕಳೊಂದಿಗೆ ಬೆಳಗಿನ ಹೊತ್ತಿನಲ್ಲಿ ಹೊರಟ ಸಂಸಾರವು ನಡುವೆ ಮರಳುದಿಬ್ಬದ ಮೇಲೆ ಬುತ್ತಿ ಬಿಚ್ಚಿ ಉಂಡು, ಬಿಸಿಲಿಳಿಯುವ ಮುನ್ನ ಮುಂದಿನ ರೇವನ್ನು ಸೇರಲು ಈ ದೂರ ಸರಿಯಾಗಿರುವುದು. ರೇವುಗಳು ಮೂವತ್ತು ಮೈಲಿಗೊಂದರಂತೆ ಇದ್ದರೆ ಆ ನದಿಯು ಗಟ್ಟಿಮುಟ್ಟಾದ ತರುಣರಿಗೆ ಮಾತ್ರ ಮೀಸಲಾಗುವುದು. ಎರಡು ರೇವುಗಳ ನಡುವಣ ದೂರವೇ ಆ ಹಾದಿಯು ಯಾರದೆಂಬುದನ್ನು ತೀರ್ಮಾನಿಸುವುದೆಂದರೆ ತಪ್ಪಾಗದು.

ರೇವು ಕಟ್ಟುವುದೂ ಒಂದು ವಿದ್ಯೆಯೇ. ಕೆಸರುನೀರಿನ ನದಿಯಲ್ಲಿ ಪ್ರತಿಯೊಂದು ಪ್ರವಾಹವೂ ಇಳಿಜಾರಿನ ಮೇಲೆ ಹೂಳನ್ನು ಹೊರಿಸಿ ಹೋಗುವುದು. ಅದನ್ನು ಮತ್ತೆ ಮತ್ತೆ ಬಳಿದು ಹಾಕಬೇಕು. ಗಾಡಿ ನಿಲ್ಲಿಸಲು ಎಡೆಯಿರಬೇಕು, ಶೌಚಗೃಹವಿರಬೇಕು, ಹೆಂಗಸರು ಮಕ್ಕಳು ಜಾರದೆ ಇಳಿಯುವಂತಿರಬೇಕು. ಕಟ್ಟಿದ ದಿನದ ಉತ್ಸವಕ್ಕಿಂತ ಮುಂದಣ ಹತ್ತು ವರ್ಷಗಳ ಗುಡಿಸುವ ಕೆಲಸವೇ ದೊಡ್ಡದು. ರಾಷ್ಟ್ರೀಯ ನೀರ್ದಾರಿಯೆಂಬ ಮನ್ನಣೆಗೆ ಅಲ್ಲಿ ಏಳು ಅಂಶಗಳನ್ನು ನೋಡುವರು: ವಿಹಾರದ ಅನುಕೂಲ, ಜನಶಿಕ್ಷಣ, ನದಿಯ ಸಂರಕ್ಷಣೆ, ಊರವರ ಬೆಂಬಲ, ತಿಳಿವಳಿಕೆಯ ಪ್ರಸಾರ, ದಾರಿಯ ಪಾಲನೆ, ಮುಂದಾಲೋಚನೆಯ ಯೋಜನೆ. ಇವುಗಳಲ್ಲಿ ಕಲ್ಲು ಗಾರೆಯ ಕೆಲಸಕ್ಕೆ ಸಂಬಂಧಿಸಿದುದು ಎಷ್ಟು ಅಲ್ಪವೆಂಬುದನ್ನು ಗಮನಿಸಬೇಕು. ಉಳಿದುದೆಲ್ಲ ಜನರ ಮನಸ್ಸಿಗೆ ಸಂಬಂಧಿಸಿದುದೇ.

ಇನ್ನು ದಾರಿ ತೋರಿಸುವ ಬಗೆ. ನೆಲದ ಹಾದಿಯಲ್ಲಿ ತಪ್ಪಿದವನು ಹಿಂದಿರುಗಬಹುದು. ಹೊಳೆಯಲ್ಲಿ ತಪ್ಪಿದವನನ್ನು ನೀರು ಮುಂದಕ್ಕೇ ಒಯ್ಯುವುದು. ಆದಕಾರಣ ಎಚ್ಚರಿಕೆಯ ಫಲಕಗಳನ್ನು ಮೇಲ್ಗಡೆಯಿಂದ ಬರುವವನ ಕಣ್ಣಿಗೆ ಬಹುದೂರದಿಂದಲೇ ಬೀಳುವಂತೆ ಇಡಬೇಕು. ನದಿಯನ್ನು ಅಳೆಯುವ ಕ್ರಮವೂ ಬೇರೆ. ಸಂಗಮವನ್ನು ಸೊನ್ನೆಯೆಂದಿಟ್ಟುಕೊಂಡು ಮೇಲ್ಮುಖವಾಗಿ ಮೈಲಿಗಳನ್ನು ಎಣಿಸುವರು. ರೇವು, ಸೇತುವೆ, ಒಡ್ಡು ಎಲ್ಲಕ್ಕೂ ನಕ್ಷೆಯಲ್ಲಿ ಒಂದೊಂದು ಮೈಲಿಯ ಸಂಖ್ಯೆಯುಂಟು. ಯಾರಿಗಾದರೂ ಅಪಾಯವಾದಾಗ ‘ಇಷ್ಟನೆಯ ಮೈಲಿಯ ಹತ್ತಿರ ಇದ್ದೇವೆ’ ಎಂದರೆ ಸಾಕು, ರಕ್ಷಕರು ಯಾವ ರೇವಿನಿಂದ ಹೊರಡಬೇಕೆಂಬುದು ಕೂಡಲೆ ತಿಳಿಯುವುದು. ನಕ್ಷೆಯ ಮೇಲಣ ಒಂದು ಅಂಕೆಯು ಒಂದು ಜೀವವನ್ನು ಉಳಿಸಬಲ್ಲುದು.

ಜೀವದ ಮಾತು ಬಂದುದರಿಂದ ಈ ನದಿಯ ನಿಜವಾದ ಗಂಡಾಂತರವನ್ನು ಹೇಳಲೇಬೇಕು. ಕ್ಯಾನ್ಸಸ್ ನದಿಯಲ್ಲಿ ಘೋರವಾದ ಧುಮುಕುಗಳಿಲ್ಲ. ಆದರೆ ಟೊಪೀಕದಲ್ಲಿ ನಗರದ ನೀರಿನ ಸರಬರಾಯಿಗಾಗಿ ಕಟ್ಟಿದ ಒಂದು ಒಡ್ಡು, ಲಾರೆನ್ಸಿನಲ್ಲಿ ೧೮೭೪ರಷ್ಟು ಹಿಂದೆಯೇ ಕಟ್ಟಿದ ಬವರ್‌ಸಾಕ್ ಅಣೆಕಟ್ಟು, ಸಂಗಮಕ್ಕೆ ಇನ್ನೂ ಹತ್ತಿರವಾಗಿ ನೀರಿನ ಸರಬರಾಯಿಗಾಗಿಯೇ ಇರುವ ಮತ್ತೊಂದು ಒಡ್ಡು, ಹೀಗೆ ಮೂರು ತಡೆಗಳಿರುವುವು. ಎತ್ತರವಾದ ಅಣೆಕಟ್ಟನ್ನು ಕಂಡವನು ತಾನಾಗಿ ಹೆದರಿ ದೂರ ಸರಿಯುವನು. ತಗ್ಗಾದ ಒಡ್ಡಿನ ಮೋಸವೇ ಬೇರೆ. ಮೇಲ್ಗಡೆಯಿಂದ ಬರುವವನಿಗೆ ಅದು ನೀರಿನ ಮೇಲೆ ಎಳೆದ ಒಂದು ನಯವಾದ ಗೆರೆಯಂತೆ ಕಾಣುವುದು, ಅಷ್ಟೆ.

ಆ ಗೆರೆಯ ಆಚೆ ನಡೆಯುವುದೇನೆಂಬುದನ್ನು ಪ್ರತಿಯೊಂದು ಮನೆಯವರೂ ತಿಳಿದಿರುವುದು ಒಳಿತು. ಏಕೆಂದರೆ ನಮ್ಮ ಹೊಳೆಗಳ ಒಡ್ಡುಗಳಿಗೂ ಇದು ಅನ್ವಯಿಸುವುದು. ಒಡ್ಡಿನ ಮೇಲಿಂದ ಬಿದ್ದ ನೀರು ನೇರವಾಗಿ ತಳಕ್ಕೆ ಹೋಗಿ, ಅಲ್ಲಿಂದ ಮುಂದೆ ಮೇಲೆದ್ದು, ಅದರಲ್ಲೊಂದು ಪಾಲು ಮೇಲ್ಮೈಯಲ್ಲಿ ಮತ್ತೆ ಒಡ್ಡಿನ ಕಡೆಗೇ ಹಿಂದಿರುಗುವುದು. ರಾಟೆಯಂತೆ ಸುತ್ತುವ ಈ ನೀರಿಗೆ ಸಿಕ್ಕಿದ ವಸ್ತುವು ಹೊರಬರಲಾರದೆ ಮತ್ತೆ ಮತ್ತೆ ಒಡ್ಡಿನ ಬುಡಕ್ಕೆ ಸೆಳೆಯಲ್ಪಡುವುದು. ಇದರ ಮೇಲೆ ಆ ನೀರಿನಲ್ಲಿ ಗಾಳಿಯ ಗುಳ್ಳೆಗಳು ತುಂಬಿರುವುದರಿಂದ ಅದು ಮನುಷ್ಯನನ್ನು ಎಂದಿನಂತೆ ತೇಲಿಸುವುದಿಲ್ಲ. ಒಡ್ಡಿನ ಉದ್ದಕ್ಕೂ ಒಂದೇ ಸಮನಾದ ಈ ಸುತ್ತಿನಿಂದ ತಪ್ಪಿಸಿಕೊಳ್ಳುವ ಸಂದು ಇರುವುದಿಲ್ಲ. ಬಲ್ಲಿದನಾದ ಈಜುಗಾರನೂ ಇಲ್ಲಿ ಸೋಲುವನು. ಅವನನ್ನು ಎಳೆಯಲು ಹೋದವನೂ ಸೋಲುವನು. ಇಂತಹ ಒಡ್ಡುಗಳಿಗೆ ಅಮೆರಿಕದ ರಕ್ಷಕರು ‘ಮುಳುಗಿಸುವ ಯಂತ್ರ’ವೆಂದು ಹೆಸರಿಟ್ಟಿರುವುದು ಅತಿಶಯೋಕ್ತಿಯಲ್ಲ.

ಇದಕ್ಕೆ ಉಪಾಯವು ಬಹಳ ಹಳೆಯದು, ಬಹಳ ಸರಳವಾದುದು: ಒಡ್ಡಿಗೆ ಸಾಕಷ್ಟು ಮುಂಚೆಯೇ ದಡಕ್ಕೆ ಹತ್ತಿ, ದೋಣಿಯನ್ನು ಹೆಗಲ ಮೇಲೆ ಹೊತ್ತು, ಒಡ್ಡನ್ನು ದಾಟಿ, ಕೆಳಗಡೆ ತಿಳಿಯಾದ ಜಾಗದಲ್ಲಿ ಮತ್ತೆ ನೀರಿಗಿಳಿಯುವುದು. ಉತ್ತರ ಅಮೆರಿಕದ ಮೂಲನಿವಾಸಿಗಳು ಹಗುರವಾದ ದೋಣಿಗಳನ್ನು ಕಟ್ಟಿದುದಕ್ಕೆ ಹೀಗೆ ಹೊರಬೇಕಾದುದೂ ಒಂದು ಕಾರಣ. ನೀರ್ದಾರಿಯನ್ನು ಮಾಡುವವರು ಇಂತಹ ‘ಹೊತ್ತು ನಡೆಯುವ ಹಾದಿ’ಗೆ ನೆಲವನ್ನು ಸಂಪಾದಿಸಿ, ಅದನ್ನು ಸಮಮಾಡಿ, ಎಲ್ಲಿ ಹತ್ತಬೇಕೆಂಬುದನ್ನು ಫಲಕದಲ್ಲಿಯೂ ನಕ್ಷೆಯಲ್ಲಿಯೂ ಗುರುತಿಸಬೇಕು. ನೂರು ಗಜದ ಈ ಕಾಲುದಾರಿಯಿಲ್ಲದಿದ್ದರೆ ನೂರು ಮೈಲಿಯ ನೀರ್ದಾರಿಯು ಬಲೆಯಾಗಿಬಿಡುವುದು.

ನೀರಿನ ಏರಿಳಿತವೂ ಲಕ್ಷ್ಯವಿಡಬೇಕಾದ ವಿಷಯ. ೧೯೫೧ರ ಜುಲೈ ತಿಂಗಳಿನಲ್ಲಿ ಈ ನದಿಯು ಉಕ್ಕಿ, ಮ್ಯಾನ್‌ಹ್ಯಾಟನ್ನಿನಿಂದ ಕ್ಯಾನ್ಸಸ್ ಸಿಟಿಯವರೆಗೆ ಊರೂರುಗಳನ್ನೇ ಮುಳುಗಿಸಿತು. ಆ ಅನುಭವದ ಫಲವಾಗಿ ಮುಂದಿನ ದಶಕಗಳಲ್ಲಿ ಅದರ ಉಪನದಿಗಳ ಮೇಲೆ ಟಟಲ್ ಕ್ರೀಕ್, ಮಿಲ್ಫರ್ಡ್, ಪೆರಿ, ಕ್ಲಿಂಟನ್ ಎಂಬ ದೊಡ್ಡ ಜಲಾಶಯಗಳು ಪೂರ್ಣಗೊಂಡವು. ಹೀಗಾಗಿ ಇಂದಿನ ನೀರಿನ ಮಟ್ಟವು ಮಳೆಯನ್ನು ಮಾತ್ರವಲ್ಲ, ಜಲಾಶಯಗಳ ಬಾಗಿಲುಗಳನ್ನೂ ಅವಲಂಬಿಸಿರುವುದು. ನದಿಯ ದಂಡೆಯ ಅಳತೆಯ ಠಾಣೆಗಳಲ್ಲಿ ಹರಿವು ಎಷ್ಟೆಂಬುದನ್ನು ಸದಾ ದಾಖಲಿಸಿ ಎಲ್ಲರಿಗೂ ಪ್ರಕಟಪಡಿಸುವರು. ಹೊರಡುವವರು ಮನೆಯಲ್ಲಿ ಕುಳಿತೇ ತಮ್ಮ ಮೊಬೈಲಿನಲ್ಲಿ ಅದನ್ನು ನೋಡಿಕೊಳ್ಳಬಹುದು. ನದಿಯು ತುಂಬಿ ಹರಿಯುವ ದಿನ ಮನೆಯಲ್ಲಿ ಉಳಿಯುವುದೂ ದೋಣಿವಿದ್ಯೆಯ ಒಂದು ಭಾಗವೇ.

ಹಿತಮಿತವಾಗಿ ಹರಿಯುವ ಕಾಲದಲ್ಲಿ ಈ ನದಿಯ ಸೊಗಸೆಲ್ಲ ಮರಳುದಿಬ್ಬಗಳಲ್ಲಿರುವುದು. ನೀರು ಇಳಿದಾಗ ಹೊಳೆಯ ನಡುವೆ ತಲೆಯೆತ್ತುವ ಈ ಬಿಳಿಯ ದಿಬ್ಬಗಳು ಸಾಮಾನ್ಯ ತುಂಬುಮಟ್ಟದ ಗೆರೆಯ ಒಳಗಿರುವುದರಿಂದ ಯಾವ ಜಮೀನುದಾರನಿಗೂ ಸೇರಿದುವಲ್ಲ. ದೋಣಿಯವರು ಅಲ್ಲಿ ಇಳಿದು ಗುಡಾರ ಹೂಡಿ, ನಕ್ಷತ್ರಗಳ ಕೆಳಗೆ ರಾತ್ರಿ ಕಳೆಯಬಹುದು. ಬಾಡಿಗೆಯಿಲ್ಲ, ಬೀಗವಿಲ್ಲ. ಸಿರಿವಂತನಿಗೂ ಬಡವನಿಗೂ ಒಂದೇ ಹಾಸಿಗೆ. ಆದರೆ ಕಟ್ಟುಪಾಡು ಇಲ್ಲದಿಲ್ಲ: ತಂದುದನ್ನೆಲ್ಲ ಮರಳಿ ಒಯ್ಯಬೇಕು, ಹೋದ ಮೇಲೆ ಬಂದ ಗುರುತೇ ಇರಕೂಡದು. ‘ಟರ್ನ್’ ಮೊದಲಾದ ಕೆಲವು ಹಕ್ಕಿಗಳು ಗೂಡು ಕಟ್ಟದೆ ಬರಿಯ ಮರಳಿನ ಮೇಲೆಯೇ ಮೊಟ್ಟೆಯಿಡುವುದರಿಂದ, ಅವುಗಳ ಕಾಲದಲ್ಲಿ ಅಂತಹ ದಿಬ್ಬಗಳಿಂದ ದೂರವಿರಬೇಕು.

ಈ ಮರಳೇ ನದಿಗೆ ಮುಳುವಾದುದೂ ಉಂಟು. ಕಟ್ಟಡಗಳಿಗೆ ಮರಳು ಬೇಕು, ನದಿಯಲ್ಲಿ ಮರಳಿದೆ. ಯಂತ್ರಗಳನ್ನು ಇಳಿಸಿ ತಳವನ್ನು ಬಗೆದರೆ ಹೊಳೆಯ ಪಾತ್ರವು ಆಳವಾಗುವುದು, ದಡಗಳು ಕುಸಿಯುವುವು, ದಿಬ್ಬಗಳು ಕಾಣದಾಗುವುವು. ಇದನ್ನು ತಡೆಯಬೇಕೆಂದು ದನಿಯೆತ್ತಿದವರಲ್ಲಿ ‘ಫ್ರೆಂಡ್ಸ್ ಆಫ್ ದ ಕಾ’, ಎಂದರೆ ‘ಕಾ ನದಿಯ ಗೆಳೆಯರು’ ಎಂಬ ಸಂಘದವರು ಮುಖ್ಯರು. ಇವರು ವಾದದಿಂದ ಮಾತ್ರ ತೃಪ್ತರಾಗಲಿಲ್ಲ. ಜನರನ್ನು ದೋಣಿಗಳಲ್ಲಿ ಕೂರಿಸಿ ನದಿಯ ಮೇಲೆ ಕರೆದೊಯ್ದರು. ಶಾಲೆಯ ಮಕ್ಕಳಿಗೆ ದಿಬ್ಬಗಳನ್ನು ತೋರಿಸಿದರು. ಹೊಳೆಯಲ್ಲಿ ಬಿದ್ದ ಹಳೆಯ ಟೈರುಗಳನ್ನು ಎತ್ತಿಸಿದರು. ಸೇತುವೆಯ ಮೇಲಿಂದ ಇಣಿಕಿ ನೋಡಿದವನಿಗೆ ನದಿಯು ಒಂದು ನೋಟ ಮಾತ್ರ. ಅದರ ಮೇಲೆ ಒಂದು ಹಗಲು ತೇಲಿದವನಿಗೆ ಅದು ನಂಟಿನ ವಸ್ತು. ನಂಟಿದ್ದವನು ಕೊಳಚೆಯ ಕೊಳವೆಯನ್ನು ಕಂಡರೆ ಸುಮ್ಮನಿರಲಾರನು, ಕುಸಿದ ದಡವನ್ನು ಕಂಡರೆ ಕಾರಣ ಕೇಳದಿರಲಾರನು. ನೀರ್ದಾರಿಯ ಪರಮ ಪ್ರಯೋಜನವು ಇದೇ ಎಂದು ನಮಗೆ ತೋರುವುದು: ಅದು ನದಿಗೆ ಕಾವಲುಗಾರರನ್ನು ಹುಟ್ಟಿಸುವುದು, ಅದೂ ಸಂಬಳವಿಲ್ಲದೆ.

ನದಿಯು ಮಿಸ್ಸೂರಿಯನ್ನು ಕೂಡುವ ‘ಕಾ ಪಾಯಿಂಟ್’ ಎಂಬ ಸಂಗಮಸ್ಥಾನದಲ್ಲಿ ಈ ದಾರಿ ಮುಗಿಯುವುದು. ಪಡುವಣ ಕಡಲಿನತ್ತ ದಾರಿಯನ್ನು ಹುಡುಕುತ್ತ ಹೊರಟ ಲೂಯಿಸ್ ಮತ್ತು ಕ್ಲಾರ್ಕರ ತಂಡವು ೧೮೦೪ರ ಜೂನ್ ಕೊನೆಯಲ್ಲಿ ಇಲ್ಲಿಯೇ ಮೂರು ದಿನ ಬೀಡುಬಿಟ್ಟಿತ್ತು. ಮಿಸ್ಸೂರಿಯ ಮೇಲೆ ೩೪೦ ಮೈಲಿಗಳ ದೋಣಿಯ ಪಂದ್ಯವೊಂದು ೨೦೦೬ರಿಂದ ನಡೆದುಬಂದಿದ್ದು, ಅದು ಹೊರಡುವುದೂ ಈ ಸಂಗಮದಿಂದಲೇ. ಒಬ್ಬರ ಹಾದಿಯ ಕೊನೆಯು ಇನ್ನೊಬ್ಬರ ಹಾದಿಯ ಮೊದಲಾಗಿರುವುದು ನದಿಗಳಿಗೆ ಸಹಜವಾದ ಧರ್ಮ.

ಮನೆಯ ಹಿರಿಯರ ಗಮನಕ್ಕೆ ಎರಡು ಮಾತು. ದೋಣಿವಿಹಾರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಉಪಕರಣವು ದೋಣಿಯಲ್ಲ, ಮೈಮೇಲಣ ತೇಲುಕವಚ. ಅಮೆರಿಕದ ಕರಾವಳಿ ರಕ್ಷಕಪಡೆಯವರು ವರ್ಷವರ್ಷವೂ ಪ್ರಕಟಿಸುವ ಲೆಕ್ಕದಲ್ಲಿ, ದೋಣಿಯ ಅವಘಡಗಳಲ್ಲಿ ಮುಳುಗಿ ಸತ್ತವರ ಪೈಕಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಅದನ್ನು ತೊಟ್ಟಿರಲಿಲ್ಲವೆಂದು ಕಂಡುಬರುವುದು. ಕವಚವು ದೋಣಿಯಲ್ಲಿಯೇ ಇರುತ್ತದೆ, ಮೈಮೇಲೆ ಮಾತ್ರ ಇರುವುದಿಲ್ಲ. ಕ್ಯಾನ್ಸಸ್ಸಿನಲ್ಲಿ ಹನ್ನೆರಡು ವರ್ಷದವರೆಗಿನ ಮಕ್ಕಳು ದೋಣಿಯಲ್ಲಿ ಅದನ್ನು ತೊಟ್ಟಿರಲೇಬೇಕೆಂದು ಕಾನೂನೇ ಇರುವುದು. ಎರಡನೆಯದಾಗಿ, ಯಾವ ರೇವಿನಲ್ಲಿ ಇಳಿಯುವೆವು, ಯಾವ ರೇವಿನಲ್ಲಿ ಹತ್ತುವೆವು, ಎಷ್ಟು ಗಂಟೆಗೆ ಮರಳುವೆವು ಎಂಬುದನ್ನು ಮನೆಯಲ್ಲುಳಿದವರಿಗೆ ತಿಳಿಸದೆ ಯಾರೂ ನೀರಿಗಿಳಿಯಬಾರದು.

ಇಷ್ಟನ್ನು ಓದಿದ ಕನ್ನಡಿಗರಿಗೆ ತಮ್ಮ ಹೊಳೆಗಳ ನೆನಪಾಗದಿರದು. ದೋಣಿಯು ನಮಗೆ ಹೊಸದಲ್ಲ. ೧೫೨೦ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಜನರು ಆನೆಗೊಂದಿಗೆ ಹೊಳೆ ದಾಟುವುದನ್ನು ಬೆರಗಿನಿಂದ ಬಣ್ಣಿಸಿರುವನು. ಅದು ನಮ್ಮ ಹರಿಗೋಲೇ. ಇಂದಿಗೂ ತುಂಗಭದ್ರೆಯ ಮೇಲೆ ತಿರುಗುತ್ತಿರುವುದು. ದಾಂಡೇಲಿಯ ಬಳಿ ಕಾಳಿ ನದಿಯಲ್ಲಿ, ಮೇಲಣ ಜಲಾಶಯದಿಂದ ಬಿಟ್ಟ ನೀರಿನ ಮೇಲೆ ರಬ್ಬರಿನ ದೋಣಿಗಳಲ್ಲಿ ಸಾಗುವ ವಿಹಾರವು ಪ್ರಸಿದ್ಧವಾಗಿದೆ. ೨೦೧೬ರ ರಾಷ್ಟ್ರೀಯ ಜಲಮಾರ್ಗಗಳ ಕಾಯಿದೆಯು ಹೆಸರಿಸಿದ ೧೧೧ ಜಲಮಾರ್ಗಗಳಲ್ಲಿ ಕಾಳಿ, ಶರಾವತಿ, ನೇತ್ರಾವತಿ, ಕಬಿನಿ, ತುಂಗಭದ್ರೆ, ಮಲಪ್ರಭೆ, ಘಟಪ್ರಭೆಗಳೂ ಇವೆ. ಆದರೆ ಆ ಕಾಯಿದೆಯ ಕಣ್ಣು ಸಾಗಾಟದ ಮೇಲಿರುವುದು. ಮನೆಮಂದಿಯ ವಿಹಾರದ ಹಾದಿಯು ಬೇರೆಯೇ ಕೆಲಸ.

ಈ ಕೆಲಸಕ್ಕೆ ಬೇಕಾದುದರಲ್ಲಿ ಅರ್ಧವನ್ನು ನಮ್ಮ ಹಿರಿಯರು ಮಾಡಿಯೇ ಇಟ್ಟಿರುವರು. ಹೊಳೆಯ ದಡದ ದೇಗುಲಗಳ ಮುಂದೆ ಕಟ್ಟಿಸಿದ ಸೋಪಾನಗಳು ಜಾತ್ರೆಗೆ ಬಂದವರೆಲ್ಲ ನೀರಿಗಿಳಿಯಲು ಮಾಡಿದ ಸಾರ್ವಜನಿಕ ಬಾಗಿಲುಗಳಲ್ಲದೆ ಮತ್ತೇನು? ಯಾವ ಮಡುವಿನಲ್ಲಿ ಸುಳಿಯಿದೆ, ಯಾವ ಬಂಡೆಯ ಬಲಕ್ಕೆ ಹೋಗಬೇಕು, ಯಾವ ತಿಂಗಳಿನಲ್ಲಿ ಹೊಳೆ ನಂಬತಕ್ಕದ್ದಲ್ಲ ಎಂಬ ನಕ್ಷೆಯು ಅಂಬಿಗರ ಮನಸ್ಸಿನಲ್ಲಿ ಇನ್ನೂ ಅಚ್ಚಳಿಯದೆ ಇರುವುದು. ಸೇತುವೆಗಳಾದ ಮೇಲೆ ಎಷ್ಟೋ ಕಡವುಗಳು ನಿಂತು, ಅವರ ಕಸುಬು ಕ್ಷೀಣಿಸಿತು. ಅವರ ಮಕ್ಕಳು ಹುಟ್ಟನ್ನು ಬಿಟ್ಟು ಬೇರೆ ಕೂಲಿಗೆ ಹೊರಟರು. ನೀರ್ದಾರಿಯೊಂದು ಆದರೆ ಅದಕ್ಕೆ ಮೊದಲ ಗುರುಗಳು ಇವರೇ ಆಗಬೇಕು. ಪರವೂರಿನ ಬಂಡವಾಳಗಾರನು ದಡವನ್ನು ಗುತ್ತಿಗೆ ಹಿಡಿದು, ಅಂಬಿಗನನ್ನು ದಿನಗೂಲಿಯವನನ್ನಾಗಿ ಮಾಡುವುದಾದರೆ ಅಂತಹ ಹಾದಿಯು ಇಲ್ಲದಿರುವುದೇ ಲೇಸು.

ಎಚ್ಚರಿಕೆಗಳೂ ಬೇಕು. ನಮ್ಮ ಹೊಳೆಗಳು ಮುಂಗಾರಿನಲ್ಲಿ ಒಂದು ರೂಪ, ಬೇಸಗೆಯಲ್ಲಿ ಇನ್ನೊಂದು ರೂಪ. ವಿಜಯನಗರದ ಕಾಲದ ಅಣೆಗಳು ಇಂದಿಗೂ ತುಂಗಭದ್ರೆಗೆ ಅಡ್ಡಲಾಗಿ ನಿಂತು ಕಾಲುವೆಗಳಿಗೆ ನೀರು ತಿರುಗಿಸುತ್ತಿರುವುವು. ದೋಣಿಯವನ ಪಾಲಿಗೆ ಅವು ಟೊಪೀಕದ ಒಡ್ಡಿನ ಹಿರಿಯಣ್ಣಂದಿರು. ಕಾಳಿಯಂತಹ ನದಿಗಳಲ್ಲಿ ಮೊಸಳೆಗಳುಂಟು. ಮರಳು ಬಗೆದ ಗುಂಡಿಗಳು ಮೊಣಕಾಲುದ್ದದ ನೀರಿನ ಪಕ್ಕದಲ್ಲಿಯೇ ಆಳುದ್ದವಾಗಿ ಬಾಯ್ದೆರೆದಿರುವುವು. ಈಜಲು ಹೋದ ಹುಡುಗರ ಮೃತ್ಯುವಿನ ಸುದ್ದಿಯನ್ನು ಬೇಸಗೆಯ ರಜೆಯಲ್ಲಿ ಓದದ ವರ್ಷವಿಲ್ಲ. ಇವೆಲ್ಲ ಹಾದಿಯನ್ನು ಮಾಡಬಾರದೆನ್ನುವುದಕ್ಕೆ ಕಾರಣಗಳಲ್ಲ. ಗುರುತಿಲ್ಲದ ಅಪಾಯಕ್ಕೆ ಗುರುತು ಹಾಕುವುದೇ ಹಾದಿ ಮಾಡುವವನ ಮೊದಲ ಕೆಲಸ. ಹೊಳೆಗೆ ಹೋಗಬೇಡವೆಂದು ಮಕ್ಕಳಿಗೆ ಹೇಳಿ ನಾವು ಎಷ್ಟು ಕಾಲ ಗೆದ್ದೆವು? ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂಬುದನ್ನು ತೋರಿಸಿಕೊಟ್ಟರೆ ಗೆಲ್ಲುವ ಸಂಭವ ಹೆಚ್ಚು.

ಪ್ರಾರಂಭಕ್ಕೆ ನೂರು ಮೈಲಿ ಬೇಕಾಗಿಲ್ಲ. ಎರಡು ಊರುಗಳ ನಡುವಣ ಐದಾರು ಮೈಲಿಯ ಸೌಮ್ಯವಾದ ಹರಿವು, ಮೇಲೊಂದು ಕೆಳಗೊಂದು ಚೊಕ್ಕಟವಾದ ಸೋಪಾನ, ಅಪಾಯದ ತಾವುಗಳಲ್ಲಿ ದಪ್ಪಕ್ಷರದ ಫಲಕ, ಮೈಮೇಲೆ ತೇಲುಕವಚ, ಹುಟ್ಟು ಹಿಡಿದ ಒಬ್ಬ ಅನುಭವಿ ಅಂಬಿಗ, ಇಷ್ಟಾದರೆ ಒಂದು ಊರಿನವರು ಮಾಡಬಹುದಾದ ಕೆಲಸ ಇದು. ಹಾಗೆ ಒಂದು ಹಗಲು ನೀರಿನ ಮೇಲಿಂದ ತಮ್ಮ ಊರನ್ನು ನೋಡಿದ ಮಕ್ಕಳು ಮಾರನೆಯ ದಿನ ಆ ಹೊಳೆಗೆ ಕಸದ ಬುಟ್ಟಿಯನ್ನು ಸುರಿಯಲು ಒಪ್ಪಲಾರರು. ಹೊಳೆಗೆ ಬೆನ್ನು ಮಾಡಿ ಕಟ್ಟಿದ ನಮ್ಮ ಊರುಗಳು ಮತ್ತೆ ಅದರತ್ತ ಮುಖ ತಿರುಗಿಸುವುದಕ್ಕೆ ಅಷ್ಟೇ ಸಾಕಾದೀತು.